ಒಂದೇ ಓಟು ಬಿದ್ದ ಬೀದಿ

ನಮ್ಮ ದೊಡ್ಡಮ್ಮನ ಬೀದಿಯಲ್ಲಿ ಪಕ್ಷ ಎನ್ನುವುದು ಹೊಲ ಗದ್ದೆಯ ಹಾಗೆ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ಬಸ್ಸಿನಿಂದ ಇಳಿದು, ಹಳ್ಳ ದಾಟಿ, ಹೊಗೆಸೊಪ್ಪಿನ ಹೊಲಗಳ ನಡುವೆ ನಡೆದರೆ ಸಿಗುವ ಆ ಊರಿಗೆ ಇದ್ದದ್ದು ಒಂದೇ ದೊಡ್ಡ ಬೀದಿ. ಮೂಡಲ ಸಾಲಿನ ಮನೆಗಳದು ಒಂದು ಪಕ್ಷ, ಪಡುವಲ ಸಾಲಿನದು ಇನ್ನೊಂದು. ಯಾಕೆ ಹಾಗೆ ಎಂದರೆ ತಾತನ ಕಾಲದಿಂದ ಹಾಗೇ ಎನ್ನುತ್ತಿದ್ದರು. ದಿಲ್ಲಿಯಲ್ಲಿ ಪಕ್ಷ ಒಡೆದರೂ, ಬೆಂಗಳೂರಿನಲ್ಲಿ ಕೂಡಿಕೊಂಡರೂ, ಗುರುತೇ ಬದಲಾದರೂ, ಇವರು "ನಮ್ಮೋರು ಈಗ ಯಾವ್ ಕಡೆ ಅವ್ರೆ?" ಎಂದಷ್ಟೇ ವಿಚಾರಿಸಿಕೊಂಡು ಅತ್ತ ತಿರುಗಿ ಕೂರುತ್ತಿದ್ದರು. ಎದುರು ಸಾಲಿಗೆ ಸೊಸೆಯಾಗಿ ಹೋದ ಹುಡುಗಿ ತಾಳಿ ಕಟ್ಟಿಸಿಕೊಂಡ ದಿನವೇ ಪಕ್ಷವನ್ನೂ ಬದಲಿಸಿಕೊಂಡಂತೆ ಲೆಕ್ಕ. ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ನಮ್ಮ ಮನೆ ಚುಂಚನಕಟ್ಟೆಯ ಹತ್ತಿರ. ಹುಣಸೂರಿನಲ್ಲಿ ಕಾಲೇಜು ಓದಲೆಂದು ನಾನು ಅಮ್ಮನ ಅಕ್ಕನ ಮನೆಯಲ್ಲಿ, ಅಂದರೆ ಈ ದೊಡ್ಡಮ್ಮನ ಮನೆಯಲ್ಲಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸ್ವಲ್ಪ ಹೊಲ, ಹೊಗೆಸೊಪ್ಪು ಬೇಯಿಸುವ ಒಂದು ಹಳೆಯ ಬ್ಯಾರನ್, ಎರಡು ಎಮ್ಮೆ, ಇಷ್ಟನ್ನು ಆಕೆ ಒಬ್ಬಳೇ ನಡೆಸಿಕೊಂಡು ಹೋಗುತ್ತಿದ್ದಳು. ಎದೆಗಾರಿಕೆಯ ಹೆಂಗಸು ಎಂದು ಊರು ಹೊಗಳುತ್ತಿತ್ತು. ಹೊಗಳುವುದಕ್ಕೇನು, ಬಾಯಿ ನೋಯುವುದಿಲ್ಲವಲ್ಲ.

ಆ ಊರಿಗೆ ಎರಡು ಹೆಮ್ಮೆ. ಒಂದು, ತಾಲ್ಲೂಕಿಗೆಲ್ಲ ಒಳ್ಳೆಯ ಬಣ್ಣದ ಸೊಪ್ಪು ತಮ್ಮದು ಎಂಬುದು. ಇನ್ನೊಂದು, ಚುನಾವಣೆ ಬಂದರೆ ತಮ್ಮಲ್ಲಿ ಒಂದು ಓಟೂ ಬಾಕಿ ಉಳಿಯುವುದಿಲ್ಲ ಎಂಬುದು. ಉಳಿಯುವುದಾದರೂ ಹೇಗೆ? ಹೊಲದಲ್ಲಿದ್ದವರದು, ತವರಿಗೆ ಹೋದವರದು, ಗಂಡ ಸತ್ತವರದು, ಸ್ವತಃ ಸತ್ತವರದು, ಎಲ್ಲ ಮಧ್ಯಾಹ್ನದ ಊಟಕ್ಕೆ ಮುಂಚೆ ಡಬ್ಬಕ್ಕೆ ಬಿದ್ದಿರುತ್ತಿತ್ತು. ಹಾವು ಮುಂಗುಸಿಯಂತಿದ್ದ ಎರಡು ಸಾಲಿನವರೂ ಇದೊಂದು ವಿಷಯದಲ್ಲಿ ಹಾಲು ಜೇನು. ನಿಮ್ಮ ಸಾಲಿನ ಹೆಂಗಸರದು ನೀವು ಹಾಕಿಕೊಳ್ಳಿ, ನಮ್ಮ ಸಾಲಿನವರದು ನಾವು. ಒಳಗೆ ಕೂತ ಏಜೆಂಟರು ಪರಸ್ಪರ ಚಕಾರ ಎತ್ತುವಂತಿಲ್ಲ. ಶಾಯಿ ಹಿಡಿಯದಂತೆ ಬೆರಳಿಗೆ ಎಣ್ಣೆ ಸವರಿಕೊಂಡು ಎರಡು ಮೂರು ಸಲ ಹೋಗಿ ಬರುವ ಗಟ್ಟಿಗಿತ್ತಿಯರು ಎರಡೂ ಕಡೆ ಇದ್ದರು.

ಹಾಗಾಗಿ ದೊಡ್ಡಮ್ಮ ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ಓಟು ಹಾಕಿರಲಿಲ್ಲ. ಪ್ರತಿ ಸಲವೂ ಎಮ್ಮೆ ಕಟ್ಟಿ, ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಸ್ಕೂಲಿನ ಹತ್ತಿರ ಹೋಗುತ್ತಿದ್ದಳು. ಪ್ರತಿ ಸಲವೂ ಬಾಗಿಲಲ್ಲಿ ಯಾರಾದರೊಬ್ಬರು, "ನಿಮ್ದಾಯ್ತು ಕಣವ್ವ. ಬಿಸ್ಲಲ್ಲಿ ಯಾಕ್ ಬರಕೋದ್ರಿ?" ಎಂದು ಮರ್ಯಾದೆಯಿಂದಲೇ ವಾಪಸು ಕಳಿಸುತ್ತಿದ್ದರು. ಹಾಕಿಸಿರುತ್ತಿದ್ದವರು ಅವಳ ಗಂಡನ ಅಣ್ಣ, ಮೂಡಲ ಸಾಲಿನ ಯಜಮಾನರು. ಮನೆಗೆ ಬಂದು ಸೀರೆ ಮಡಿಸಿಡುವಾಗ ಆಕೆಯ ಮುಖ ನೋಡಿದರೆ ನನಗೆ ಮೈ ಉರಿಯುತ್ತಿತ್ತು. "ಜಗಳ ಆಡಬೇಕಿತ್ತು ನೀವು" ಎಂದು ಒಮ್ಮೆ ಹೇಳಿದೆ. "ಸೊಪ್ಪು ಮುರ್ಯಕ್ಕೆ ನೀನೊಬ್ಳೇ ಬಂದೀಯ?" ಎಂದಳು.

ಆ ಮಾತು ಅರ್ಥವಾಗಬೇಕಾದರೆ ಹೊಗೆಸೊಪ್ಪಿನ ಕೆಲಸ ತಿಳಿದಿರಬೇಕು. ಎಲೆ ಹಣ್ಣಾದ ದಿನ ಮುರಿಯಲೇಬೇಕು, ಮುರಿದ ದಿನವೇ ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಲೇಬೇಕು. ಒಳಗೆ ಅಟ್ಟಣೆ ಮೇಲೆ ಅಟ್ಟಣೆ ಹತ್ತಿ ನಿಂತು ಕಡ್ಡಿ ಈಸಿಕೊಳ್ಳುವ ಗಂಡಾಳು ಬೇಕು. ಕೂಲಿ ಕೊಟ್ಟು ಕರೆದರೂ ಆ ಕಾಲದಲ್ಲಿ ಆಳು ಸಿಗುವುದಿಲ್ಲ, ಎಲ್ಲರ ಹೊಲದಲ್ಲೂ ಅದೇ ಕೆಲಸ. ಹಾಗಾಗಿ ಮುಯ್ಯಾಳು. ಇವತ್ತು ಇಡೀ ಬೀದಿ ನಿನ್ನ ಹೊಲಕ್ಕೆ, ನಾಳೆ ನೀನು ಅವರ ಹೊಲಕ್ಕೆ. ಮುಯ್ಯಿ ತಪ್ಪಿದವರ ಸೊಪ್ಪು ಗಿಡದಲ್ಲೇ ಸುಟ್ಟು ಹೋಗುತ್ತದೆ. ದೊಡ್ಡಮ್ಮನ ವರ್ಷದ ಅನ್ನ ಆ ಮುಯ್ಯಿಯ ಮೇಲೆ ನಿಂತಿತ್ತು.

ಆ ವರ್ಷ ಚುನಾವಣೆ ಸರಿಯಾಗಿ ಸೊಪ್ಪಿನ ಕಾಲದಲ್ಲೇ ಬಂತು. ಮಳೆ ಜೋರಾಗಿ ಹಳ್ಳ ತುಂಬಿ ಬಸ್ಸಿನ ರಸ್ತೆಗೆ ಹೋಗುವುದೇ ಕಷ್ಟವಾಗಿತ್ತು. ಹಳ್ಳಕ್ಕೊಂದು ಸೇತುವೆ ಬೇಕೆಂದು ಊರು ಕೇಳುತ್ತಲೇ ಇತ್ತು, ಓಟು ಕೇಳಲು ಬಂದವರೆಲ್ಲ ಹ್ಞೂಂಗುಟ್ಟುತ್ತಲೇ ಇದ್ದರು. ಆಗ ಎಂದೂ ಇಲ್ಲದ್ದು ನಡೆಯಿತು. ಮೂಡಲ ಸಾಲಿನ ಯಜಮಾನರೂ ಪಡುವಲ ಸಾಲಿನ ಮುಂದಾಳಾಗಿದ್ದ, ರಸ್ತೆ ಚರಂಡಿ ಕೆಲಸ ಹಿಡಿಯುತ್ತಿದ್ದ ಕಂಟ್ರಾಕ್ಟರೂ ಮಾರಿಗುಡಿಯ ಜಗಲಿಯ ಮೇಲೆ ಒಟ್ಟಿಗೆ ಕೂತರು. ಸೇತುವೆ ಇಲ್ಲದಿದ್ದರೆ ಓಟೂ ಇಲ್ಲ. ಯಾರೂ ಹಾಕಬಾರದು. ಎಲ್ಲರೂ ದೇವಿಯ ಕಡೆ ತಿರುಗಿ ಕೈಮುಗಿದರು. ಅಂದರೆ ಗಂಡಸರೆಲ್ಲ ಮುಗಿದರು. ಹೆಂಗಸರು ಆ ಹೊತ್ತಿಗೆ ಸೊಪ್ಪು ಕಟ್ಟುತ್ತಿದ್ದೆವು.

ನನಗೆ ಆ ದಿನ ನಿಜವಾಗಿ ಸಂತೋಷವಾಗಿತ್ತು. ಕಾಲೇಜಿನ ಹುಡುಗಿ, ಒಗ್ಗಟ್ಟು ಹೋರಾಟ ಎಂಬ ಮಾತು ಕೇಳಿದರೆ ಎದೆ ಉಬ್ಬುತ್ತಿತ್ತು. ಒಳಗಿನ ಸಂಗತಿ ಗೊತ್ತಾದದ್ದು ಬಹಳ ತಡವಾಗಿ. ಯಜಮಾನರು ತಮ್ಮ ಕಡೆಯ ಅಭ್ಯರ್ಥಿಗೆ, "ಪಡುವಲ ಸಾಲಿನ ಒಂದು ಓಟೂ ನಿಮ್ಮ ವಿರುದ್ಧ ಬೀಳದಂಗೆ ಕಟ್ಟಾಕಿವ್ನಿ" ಎಂದು ಹೇಳಿ ಕಳಿಸಿದ್ದರಂತೆ. ಕಂಟ್ರಾಕ್ಟರು ಅದೇ ಮಾತನ್ನು, ಸಾಲು ಮಾತ್ರ ಬದಲಿಸಿ, ತಮ್ಮ ಅಭ್ಯರ್ಥಿಗೆ ಹೇಳಿದ್ದರಂತೆ. ಸೇತುವೆ ಇಬ್ಬರ ಬಾಯಲ್ಲೂ ಇತ್ತು, ಮನಸ್ಸಿನಲ್ಲಿ ಯಾರಿಗೂ ಇರಲಿಲ್ಲ.

ಓಟಿನ ದಿನ ಸ್ಕೂಲಿನ ಗೇಟಿನಲ್ಲಿ ಎರಡೂ ಸಾಲಿನ ಗಂಡಸರು ಹಾಸುಗಲ್ಲಿನ ಮೇಲೆ ಕೂತು ಕಾವಲು ಕಾದರು. ಒಳಗೆ ಅಧಿಕಾರಿಗಳು ನಾಲ್ಕೈದು ಜನ, ಒಬ್ಬ ಪೊಲೀಸಿನವನು. ಏಜೆಂಟರು ಯಾರೂ ಇಲ್ಲ. ಹೊತ್ತು ಏರಿತು. ಒಬ್ಬರೂ ಬರಲಿಲ್ಲ. ಆಗ ಯಜಮಾನರಿಗೆ ಊರಿನ ಮರ್ಯಾದೆಯ ಯೋಚನೆ ಬಂತು. "ಓಟು ಬ್ಯಾರೆ, ಊಟ ಬ್ಯಾರೆ. ಊರಿಗ್ ಬಂದೋರ ಅಸ್ಕಂಡ್ ಕಳ್ಸಕ್ಕಾಯ್ತದಾ?" ಎಂದರು. ಕಂಟ್ರಾಕ್ಟರೂ ಹೌದೆಂದರು. ಸರ್ಕಾರದ ಡಬ್ಬ ಖಾಲಿ ಕಳಿಸಬಹುದು, ಸರ್ಕಾರದವರ ಹೊಟ್ಟೆ ಖಾಲಿ ಕಳಿಸಬಾರದು. ಪ್ರಪಂಚದಲ್ಲಿ ಇನ್ನೆಲ್ಲಾದರೂ ಬಹಿಷ್ಕಾರ ಹಾಕಿದವರು ಹುರುಳಿಕಾಳಿನ ಬಸ್ಸಾರು ಮಾಡಿಸಿ ಒಳಗೆ ಕಳಿಸಿದ್ದುಂಟೋ ಇಲ್ಲವೋ, ನಾನಂತೂ ಕೇಳಿಲ್ಲ.

ಬಸ್ಸಾರು ಎಂದರೆ ದೊಡ್ಡಮ್ಮನ ಕೈಯದೇ ಆಗಬೇಕು. ಯಜಮಾನರ ಸೊಸೆ ಮುದ್ದೆಯ ಕುಕ್ಕೆ ಹೊತ್ತಳು, ಕಂಟ್ರಾಕ್ಟರ ಹೆಂಡತಿ ಅನ್ನ, ದೊಡ್ಡಮ್ಮ ಸಾರು, ನಾನು ಮಜ್ಜಿಗೆ ಮತ್ತು ತಟ್ಟೆ. ಗೇಟಿನ ಗಂಡಸರು ಎದ್ದು ನಿಂತು ದಾರಿ ಬಿಟ್ಟರು. ನನ್ನ ಓಟು ಚುಂಚನಕಟ್ಟೆ ಕಡೆ ಇದ್ದುದರಿಂದ ನನ್ನ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಉಳಿದ ಮೂವರ ಬಗ್ಗೆಯೂ ಇರಲಿಲ್ಲ. ಹೆಂಗಸರಿಗೆ ಓಟು ಇದೆ ಎಂಬುದೇ ಅವರಿಗೆ ಮರೆತು ಹೋಗಿತ್ತು.

ವೆರಾಂಡದಲ್ಲಿ ತಟ್ಟೆ ಹಾಕಿ ಬಡಿಸಿದೆವು. ಪೊಲೀಸಿನವನೂ ಕೂತ. ಡಬ್ಬ ಬಿಟ್ಟು ಎಲ್ಲರೂ ಏಳುವಂತಿಲ್ಲವೆಂದು ಒಂದಿಬ್ಬರು ಒಳಗೇ ಉಳಿದಿದ್ದರು. ಅವರಿಗೆ ಬಡಿಸಿ ಬರುತ್ತೇನೆಂದು ದೊಡ್ಡಮ್ಮ ಸಾರಿನ ಪಾತ್ರೆ ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಬ್ಬರು ಬಂದು, ಉಣ್ಣುತ್ತಿದ್ದ ದಪ್ಪ ಕನ್ನಡಕದ ಸಾಹೇಬರ ಕಿವಿಯಲ್ಲಿ ಏನೋ ಹೇಳಿದರು. ಅವರು ಕೈ ತೊಳೆದುಕೊಂಡು ಓಡಿದರು. ಯಾವುದೋ ಕಾಗದಕ್ಕೆ ಸಹಿ ಬೇಕೇನೋ ಎಂದುಕೊಂಡೆ. ದೊಡ್ಡಮ್ಮ ಹೊರಗೆ ಬಂದಾಗ ಎಡಗೈ ಸೆರಗಿನೊಳಗಿತ್ತು. ಮನೆಗೆ ಬಂದು ಬಾಗಿಲು ಮುಂದೆ ಮಾಡಿ ಬೆರಳು ತೋರಿಸಿದಳು. ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದ ಬೆರಳಿನ ಮೇಲೆ ಇನ್ನೊಂದು ಕಪ್ಪು ಗೆರೆ.

"ಇವತ್ತು ನಂದು ಯಾರೂ ಆಕ್ಕಂಡಿರಕಿಲ್ಲ ಅಂತ ತಟ್ಟಂತ ಒಳೀತು ಕಣವ್ವ" ಎಂದಳು. "ಅಲ್ಲೇ ಬಿದ್ದಿರ್ತದೆ, ನಂಗೋಸ್ಕರ. ನಂದೊಂದ್ ಅದೆಯಾ ನೋಡಿ ಸ್ವಾಮಿ ಅಂದೆ. ಅದೆ ಅಂದ್ರು."

ನನಗೆ ಒಂದು ಕಡೆ ಭಯ, ಇನ್ನೊಂದು ಕಡೆ ಕುಣಿಯಬೇಕೆನಿಸುವ ಖುಷಿ. ಅಷ್ಟು ವರ್ಷ ಊರೆಲ್ಲ ಓಟು ಹಾಕಿದ ದಿನಗಳಲ್ಲಿ ಅವಳಿಗೆ ಸಿಗದ ಓಟು, ಊರು ಹಾಕಬಾರದೆಂದ ದಿನ ಸಿಕ್ಕಿತ್ತು. ಇದಕ್ಕಿಂತ ನ್ಯಾಯ ಇನ್ನೊಂದು ಉಂಟೇ ಎಂದು ನನಗೆ ಅನಿಸಿತು. ಊರಿನ ನ್ಯಾಯ ಬೇರೆ ಇತ್ತು.

ಸಂಜೆ ಅಧಿಕಾರಿಗಳು ಡಬ್ಬಕ್ಕೆ ಮುದ್ರೆ ಹಾಕಿ ಹೊರಟರು. ಇಬ್ಬರು ಮುಂದಾಳುಗಳೂ ಜೀಪಿನ ಪಕ್ಕ ನಿಂತು, "ಒಂದೂ ಓಟ್ ಬೀಳ್ನಿಲ್ಲ ಅಂತ ಮೇಲ್ನೋರ್ಗೆ ಸರ್ಯಾಗಿ ಏಳ್ಬುಡಿ ಸ್ವಾಮಿ" ಎಂದರು. ಜೀಪಿನಲ್ಲಿ ಕೂತಿದ್ದ ಎಳೆಯ ಗುಮಾಸ್ತನೊಬ್ಬ ಪಾಪ, ಲೋಕ ತಿಳಿಯದವನು. "ಒಂದು ಬಿದ್ದಿದೆಯಲ್ಲ" ಎಂದುಬಿಟ್ಟ. ಕನ್ನಡಕದ ಸಾಹೇಬರು ಅವನ ಮೊಣಕೈ ಹಿಡಿದು ಎಳೆದರು. ಜೀಪು ಹಳ್ಳಕ್ಕಿಳಿದು ಹೋಯಿತು. ಬಿಟ್ಟು ಹೋದ ಮಾತು ಬೀದಿಯಲ್ಲಿ ಉಳಿಯಿತು.

ಹೊತ್ತು ಮುಳುಗುವುದಕ್ಕೆ ಮುಂಚೆ ಮಾರಿಗುಡಿಯ ಮುಂದೆ ಜನ ಸೇರಿದರು. ಒಳಗೆ ಹೋದವರು ಊಟ ಹೊತ್ತ ಹೆಂಗಸರು ಮಾತ್ರ ಎಂದು ಯಾರೋ ನೆನಪಿಸಿದರು. ಬೆರಳು ತೋರಿಸಿ ಎಂದರು. ತೋರಿಸಿದರೆ ಏನು ಕಾಣಬೇಕು? ಸೊಪ್ಪಿನ ಕಾಲದಲ್ಲಿ ಆ ಊರಿನ ಪ್ರತಿಯೊಂದು ಕೈಯೂ ಮೊಣಕೈವರೆಗೆ ಕಪ್ಪು. ಆ ಅಂಟು ಸೋಪಿಗೆ ಜಗ್ಗುವುದಿಲ್ಲ, ಹುಳಿ ಹಾಕಿ ತಿಕ್ಕಬೇಕು. ಅಂಟು ಹೋಗಿ ಓಟಿನ ಶಾಯಿ ಮಾತ್ರ ಉಳಿಯಲೆಂದು ಹುಣಸೆಹಣ್ಣು ಕಿವುಚಿದ ನೀರು ತಂದರು. ಮೊದಲು ಯಜಮಾನರ ಸೊಸೆಯನ್ನು ಕೂರಿಸಿ, ಇಡೀ ಊರಿನ ಗಂಡಸರ ಮುಂದೆ ಅವಳ ಬೆರಳುಗಳನ್ನು ಅತ್ತೆಯ ಕೈಯಿಂದ ತಿಕ್ಕಿಸಿದರು. ಆ ಹುಡುಗಿ ಅಳುತ್ತಿದ್ದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಕಂಟ್ರಾಕ್ಟರು ಮಾತ್ರ, "ನಮ್ಮನೆಯೋರ್ದು ಬ್ಯಾಡ, ನಾ ಏಳ್ತೀನಲ್ಲ" ಎಂದು ಕೈ ಅಡ್ಡ ಹಿಡಿದರು. ಅದಕ್ಕೆ ಮೂಡಲ ಸಾಲಿನವರು ಎದ್ದು ನಿಂತರು. ಇನ್ನೇನು ಹೊಡೆದಾಟವಾಗಬೇಕು.

ಆಗ ದೊಡ್ಡಮ್ಮ ಮುಂದೆ ಬಂದು, "ಹುಣ್ಸೆಣ್ಣು ಯಾಕ್ ದಂಡ ಮಾಡೀರಿ, ಆಕಿರೋಳು ನಾನು" ಎಂದಳು.

ಗದ್ದಲ ನಿಂತಿತು. ಯಜಮಾನರ ಮುಖ ಕಪ್ಪಿಟ್ಟಿತು. ತಮ್ಮನ ಹೆಂಡತಿ, ತಮ್ಮದೇ ಸಾಲು, ಪಡುವಲ ಸಾಲಿನವರ ಎದುರು. ಮಾತು ಕೊಟ್ಟ ಊರಿಗೆ ದ್ರೋಹ ಎಂದರು. ದೊಡ್ಡಮ್ಮ ತಾನು ಮಾತು ಕೊಟ್ಟಿರಲಿಲ್ಲ ಎಂದಳು. ನಿನ್ನ ಪರವಾಗಿ ನಾವು ಕೊಟ್ಟಿದ್ದೆವು ಎಂದರು. "ಇಷ್ಟ್ ದಿನ ಓಟು ಆಕ್ತಿದ್ರಲ್ಲ ಭಾವ, ಅಂಗೇ ಅನ್ನಿ" ಎಂದಳು. ಯಾರೋ ಹೆಂಗಸು ಹಿಂದೆ ಕಿಸಕ್ಕೆಂದಳು. ಆ ನಗುವಿಗೇ ಶಿಕ್ಷೆ ಜಾಸ್ತಿಯಾಯಿತೆಂದು ನನ್ನ ನಂಬಿಕೆ. ಗುಡಿಯ ಮುಂದೆ ನಿಂತು ತಪ್ಪಾಯಿತೆಂದು ಹೇಳಿ, ಯಾರಿಗೆ ಹಾಕಿದೆ ಎಂಬುದನ್ನೂ ಒಪ್ಪಿಸಿ, ತಪ್ಪು ಕಾಣಿಕೆ ಇಡುವವರೆಗೆ ಅವಳ ಹೊಲಕ್ಕೆ ಯಾರೂ ಮುಯ್ಯಿ ಹೋಗಬಾರದು ಎಂದು ತೀರ್ಮಾನವಾಯಿತು. ಮಾರನೆಯ ದಿನ ನಮ್ಮ ಹೊಲದಲ್ಲಿ ಸೊಪ್ಪು ಮುರಿಯುವ ಸರದಿ ಇತ್ತು.

ಬೆಳಿಗ್ಗೆ ಒಬ್ಬರೂ ಬರಲಿಲ್ಲ. ಹಿಂದಿನ ವಾರ ನಾವಿಬ್ಬರೂ ಬೆನ್ನು ಬಗ್ಗಿಸಿ ದುಡಿದು ಬಂದಿದ್ದ ಹೊಲದವರೂ ಬರಲಿಲ್ಲ. ಯಜಮಾನರ ಸೊಸೆ ಮಾತ್ರ ಹಿತ್ತಿಲಲ್ಲಿ ನಿಂತು ನಮ್ಮ ಕಡೆ ನೋಡಿ ಒಳಗೆ ಹೋದಳು. ನಾನೂ ದೊಡ್ಡಮ್ಮನೂ ಮುರಿದೆವು. ಎಷ್ಟು ಮುರಿದೇವು? ಗಿಡದ ತುಂಬ ಅರಿಶಿನ ಬಣ್ಣದ ಎಲೆ, ಒಂದೆರಡು ದಿನ ಬಿಟ್ಟರೆ ಅಂಚಿನಿಂದ ಕಂದು ತಿರುಗುತ್ತದೆ. ಕಾಲೇಜು ಬಿಟ್ಟು ಹೊಲದಲ್ಲಿ ನಿಂತೆ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನಿನ ಒಳಗೆ ಏರಿಸಲು ನಾನೇ ಅಟ್ಟಣೆ ಹತ್ತಿದೆ, ಕೆಳಗಿನಿಂದ ಆಕೆ ಕೊಡುತ್ತಿದ್ದಳು. ಅರ್ಧವೂ ತುಂಬದ ಬ್ಯಾರನ್ನಿಗೆ ಬೆಂಕಿ ಹಾಕಿದರೆ ಸೌದೆ ದಂಡ, ಹಾಕದಿದ್ದರೆ ಕಟ್ಟಿದ ಸೊಪ್ಪು ಕೊಳೆಯುತ್ತದೆ. ಹಾಕಿದೆವು. ಹಸಿರು ಹಸಿರಾಗಿ, ಬೆಲೆ ಸಿಗದಂತೆ ಬೆಂದು ಬಂತು.

ಆಮೇಲೆ ಶುರುವಾಯಿತು ನಿಜವಾದ ನಾಟಕ. ಎರಡನೆಯ ದಿನವೋ ಮೂರನೆಯ ದಿನವೋ ಯಜಮಾನರು ತಾವೇ ಬಂದರು. ಜಗಲಿಯ ಮೇಲೆ ಕೂತು, ದನಿ ತಗ್ಗಿಸಿ, "ನೋಡವ್ವ, ನಮ್ಮೋರ್ಗೇ ಆಕಿದ್ರೆ ನಂಗೊಬ್ಬನ್ಗೆ ಏಳ್ಬುಡು. ಎಂಗೋ ಸರಿ ಮಾಡ್ತೀನಿ. ನಾಳೆನೇ ಆಳು ಬತ್ತವೆ" ಎಂದರು. ದೊಡ್ಡಮ್ಮ ನೀರು ತಂದು ಕೊಟ್ಟಳು, ಮಾತು ಕೊಡಲಿಲ್ಲ. ಅವರು ಹೋದ ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆಯಿಂದ ಕಂಟ್ರಾಕ್ಟರು. "ಅಕ್ಕ, ನಿಮ್ ಭಾವ ನಿಮ್ಗೆ ಮಾಡಿರೋ ಅನ್ಯಾಯ ನಂಗ್ ಗೊತ್ತಿಲ್ವ? ನೀವ್ ನಮ್ ಕಡೆಗೇ ಆಕಿರ್ತೀರಿ. ಊಂ ಅನ್ನಿ ಸಾಕು, ನಮ್ ಸಾಲಿನೋರ್ನ ಕಳುಸ್ತೀನಿ" ಎಂದರು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಏನೆಂದು ಆ ದಿನ ಕಣ್ಣಾರೆ ಕಂಡೆ. ಊರಿಗೆ ದ್ರೋಹ, ದೇವಿಗೆ ದ್ರೋಹ ಎಂದೆಲ್ಲ ಕೂಗಿದವರಿಗೆ ಬೇಕಾಗಿದ್ದದ್ದು ಇಷ್ಟೇ, ಬಿದ್ದ ಒಂದು ಓಟು ತಮ್ಮ ಕಡೆಯದೋ ಎದುರು ಕಡೆಯದೋ. ತಮ್ಮದಾಗಿದ್ದರೆ ಅದು ದ್ರೋಹವೇ ಅಲ್ಲ.

ನಾನು ದೊಡ್ಡಮ್ಮನ ಕಾಲು ಹಿಡಿಯುವುದೊಂದು ಬಾಕಿ. "ಯಾವುದಾದರೂ ಒಂದು ಹೆಸರು ಹೇಳಿ, ಸುಳ್ಳಾದರೂ ಹೇಳಿ, ಸೊಪ್ಪು ಉಳಿಯಲಿ" ಎಂದು ಅತ್ತೆ. ಆಕೆ ಗಿಡದ ಮುಂದೆ ನಿಂತು ಒಣಗಿದ ಎಲೆಯನ್ನು ಕೈಯಲ್ಲಿ ಪುಡಿ ಮಾಡುತ್ತ, "ಕೇಳ್ಬ್ಯಾಡ" ಎಂದಳು. ಎಣಿಕೆಯಲ್ಲೂ ಗೊತ್ತಾಗಲಿಲ್ಲ. ನಮ್ಮ ಡಬ್ಬದ ಕಾಗದವನ್ನು ಬೇರೆ ಊರಿನ ಕಾಗದಗಳ ಜತೆ ಕಲಸಿ ಎಣಿಸಿದ್ದರಂತೆ. ಇಬ್ಬರು ಮುಂದಾಳುಗಳಿಗೂ ಆ ಸಂಕಟ ಹೊಟ್ಟೆಯೊಳಗೇ ಉಳಿಯಿತು. ನಮ್ಮ ಸೊಪ್ಪು ಗಿಡದಲ್ಲಿ ಉಳಿಯಿತು. ಒಳ್ಳೆಯ ಎಲೆಯೆಲ್ಲ ಹೊಲದಲ್ಲೇ ಕಾಗದದ ಹಾಗೆ ಒಣಗಿ ಮಳೆಗೆ ಕೊಳೆಯಿತು. ಮುಂದಿನ ವರ್ಷ ದೊಡ್ಡಮ್ಮ ಹೊಗೆಸೊಪ್ಪು ಹಾಕಲಿಲ್ಲ, ರಾಗಿ ಚೆಲ್ಲಿದಳು. ಬ್ಯಾರನ್ನಿನ ಹೆಂಚು ಇಳಿಸಿ ಎಮ್ಮೆಯ ಕೊಟ್ಟಿಗೆಗೆ ಹೊದಿಸಿದಳು. ಒಂದು ಹೆಂಗಸು ಕಟ್ಟಿಕೊಂಡ ಬದುಕು ಹೀಗೆ ಒಂದು ಮಳೆಗಾಲದಲ್ಲಿ ಮುಗಿಯಿತು, ಅದರ ನೋವು ನನಗೆ ಇವತ್ತಿಗೂ ಆರಿಲ್ಲ.

ಸೇತುವೆ? ಆಯಿತು. ಬಹಿಷ್ಕಾರದ ಸುದ್ದಿ ಮೇಲಿನವರಿಗೆ ಮುಟ್ಟಿ, ಒಂದೆರಡು ವರ್ಷದ ಮೇಲೆ ಕೆಲಸ ಮಂಜೂರಾಯಿತು. ಕಂಟ್ರಾಕ್ಟರೇ ಕಟ್ಟಿದರು. ಬಸ್ಸಿನ ದಾರಿಗೆ ಅಡ್ಡಲಾಗಿ ಅಲ್ಲ, ಕೆಳಗೆ, ಅವರ ತೋಟದ ಹತ್ತಿರ. ಅಲ್ಲಿ ಹಳ್ಳ ಕಿರಿದಾಗಿದೆ, ಗಟ್ಟಿ ನೆಲವಿದೆ ಎಂದು ಕಾರಣ ಕೊಟ್ಟರು. ಮಳೆಗಾಲದಲ್ಲಿ ಊರಿನವರು ಈಗಲೂ ಸುತ್ತು ಹಾಕಿಕೊಂಡು ಅವರ ತೋಟದ ಬೇಲಿಯ ಪಕ್ಕ ನಡೆಯುತ್ತಾರೆ. ಯಜಮಾನರು ಅದನ್ನೇ ಹಿಡಿದುಕೊಂಡು ಜಗಳ ತೆಗೆದರು, ಎರಡು ಸಾಲುಗಳು ಮತ್ತೆ ಬೇರೆಯಾದವು. ಮುಂದಿನ ಚುನಾವಣೆಗೆ ಊರು ಎಂದಿನಂತೆ ಒಂದೂ ಬಾಕಿ ಉಳಿಸದೆ ಓಟು ಹಾಕಿತು. ಆ ಹೊತ್ತಿಗೆ ಕಾಗದ ಹೋಗಿ ಮಿಷನ್ನು ಬಂದಿತ್ತು. ದೊಡ್ಡಮ್ಮ ಹೊತ್ತಾರೆಯೇ ಹೋದಳು. ಏಜೆಂಟರು ಮತ್ತೆ ಒಳಗೆ ಕೂತಿದ್ದರು. ಅವಳದು ಆಗಿಹೋಗಿತ್ತು. ಅದರ ನಂತರದ ಸಲವೂ ಆಗಿಹೋಗಿತ್ತು.

ನಾನು ಅಷ್ಟರಲ್ಲಿ ಮದುವೆಯಾಗಿ ಕೃಷ್ಣರಾಜನಗರದಲ್ಲಿ ಸಂಸಾರ ಹೂಡಿದ್ದೆ. ಮಗುವಿನ ಬಾಣಂತನಕ್ಕೆಂದು ದೊಡ್ಡಮ್ಮ ಬಂದು ಕೆಲವು ದಿನ ಇದ್ದಳು. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಬೀದಿಯಲ್ಲಿ ಯಾವುದೋ ಪಕ್ಷದ ಆಟೋ ಮೈಕಿನಲ್ಲಿ ಕೂಗಿಕೊಂಡು ಹೋಯಿತು. ನನಗೆ ತಡೆಯಲಾಗಲಿಲ್ಲ. "ಈಗಲಾದರೂ ಹೇಳಿ, ಅವತ್ತು ಯಾರಿಗೆ ಹಾಕಿದಿರಿ?" ಎಂದು ಕೇಳಿಯೇಬಿಟ್ಟೆ.

ಸುಲಿದ ಕಾಳನ್ನು ಮೊರಕ್ಕೆ ಹಾಕಿ ಇನ್ನೊಂದು ಕಾಯಿ ಕೈಗೆತ್ತಿಕೊಂಡಳು.

"ಯಾರ್ಗೂ ಇಲ್ಲ ಕಣವ್ವ. ಪೇಪರ್ ಬುಡ್ಸಿ ನೋಡ್ದೆ. ಒಂದ್ ಗುರ್ತು ನೋಡುದ್ರೆ ಭಾವನ ಮೊಕ ಕಾಣ್ತು. ಇನ್ನೊಂದ್ ನೋಡುದ್ರೆ ಆ ಕಂಟ್ರಾಕ್ಟರನ್ದು. ಮಿಕ್ಕೋರು ಯಾರೋ ಏನೋ, ನಮ್ಮೂರ್ಗೇ ಬಂದೋರಲ್ಲ. ನಂದು ಅಂತ ಒಂದೂ ಕಾಣ್ನಿಲ್ಲ. ಎಷ್ಟೊತ್ತು ನಿಂತಿದ್ನೋ. ಮುದ್ರೆ ಒತ್ನಿಲ್ಲ. ಅಂಗೇ ಮಡ್ಚಿ ಆಕ್ಬುಟ್ಟೆ."

ನನಗೆ ಕೋಪ ಬಂತು. ಇಷ್ಟಕ್ಕಾಗಿ ಆ ಸೊಪ್ಪು, ಆ ಬ್ಯಾರನ್, ನಾನು ಅತ್ತ ಅಳು. "ಇದನ್ನೇ ಅವರಿಗೆ ಹೇಳಿದ್ದರೆ ಆಗುತ್ತಿತ್ತಲ್ಲ! ಖಾಲಿ ಕಾಗದ ಹಾಕಿದೆ ಎಂದಿದ್ದರೆ ಇಬ್ಬರೂ ನಕ್ಕು ಮಾರನೆಯ ದಿನವೇ ಆಳು ಕಳಿಸುತ್ತಿದ್ದರು" ಎಂದೆ.

"ನಗೋರು ಅಂತ್ಲೇ ಏಳ್ನಿಲ್ಲ" ಎಂದಳು. "ನಕ್ಕಂಡೇ ಬಂದು ಸೊಪ್ಪು ಮುರ್ದು ಕೊಡೋರು. ಆಮೇಕೆ ಇವ್ಳಿಗೆ ಒತ್ತಕ್ಕೇ ಬರಕಿಲ್ಲ, ಇವ್ಳ ಓಟ್ನ ನಾವೇ ಆಕ್ಕಂಡ್ರೆ ಸರಿ ಅನ್ನೋರು."

ಅವರು ಆಗಲೇ ಎರಡು ಚುನಾವಣೆಯಲ್ಲಿ ಅವಳ ಓಟು ಹಾಕಿಕೊಂಡಿದ್ದರು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.